ಸಿಳ್ಳೆ ಹಾಕುವ ಅಲೆಗಳು: ಭೂಮಿಯ ಬಾನುಲಿ ವ್ಯೋಮದಲ್ಲಿ ಸಂಚರಿಸುವ ಬಗೆ

ನೆಲದಿಂದ ಹೊರಟ ಬಾನುಲಿಯ ಅಲೆಗಳು ಮೇಲಣ ಅಯಾನುಮಂಡಲಕ್ಕೆ ತಾಗಿ ಪುನಃ ನೆಲಕ್ಕೆ ಹಿಂದಿರುಗುತ್ತವೆಂದು ನಾವೆಲ್ಲರೂ ವಿಜ್ಞಾನದ ಪಾಠಗಳಲ್ಲಿ ಓದಿದ್ದೇವೆ. ರಾತ್ರಿಯ ಹೊತ್ತು ದೂರದ ನಿಲಯಗಳ ಧ್ವನಿ ನಮ್ಮ ಮನೆಯ ರೇಡಿಯೋ ಪೆಟ್ಟಿಗೆಯಲ್ಲಿ ಕೇಳಿಬರುವುದು ಈ ಪ್ರತಿಫಲನದ ಫಲವೇ ಸರಿ. ಉಪಗ್ರಹಗಳೊಡನೆ ಮಾತನಾಡುವ ಅಲೆಗಳಾದರೋ ಬಹಳ ಹೆಚ್ಚಿನ ಆವರ್ತಾಂಕವುಳ್ಳವು. ಅವು ಅಯಾನುಮಂಡಲವನ್ನು ತೂರಿಕೊಂಡು ಹೊರಟುಹೋಗುತ್ತವೆ. ಇಷ್ಟನ್ನು ತಿಳಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಹೆಚ್ಚಿನ ಆವರ್ತಾಂಕದ ಅಲೆ ಹೊರಗೆ ಹೋಗುತ್ತದೆ, ಕಡಮೆ ಆವರ್ತಾಂಕದ್ದು ಭೂಮಿಯ ಬಳಿಯಲ್ಲೇ ಉಳಿಯುತ್ತದೆ. ತೀರ್ಮಾನದ ಮೊದಲ ಭಾಗ ನಿಜ. ಎರಡನೆಯ ಭಾಗವನ್ನು ಸ್ವಲ್ಪ ತಿದ್ದಬೇಕಾಗಿದೆ. ಅತಿ ಕಡಮೆ ಆವರ್ತಾಂಕದ ಅಲೆಗಳಲ್ಲಿ ಒಂದು ಪಾಲು ಅಯಾನುಮಂಡಲದೊಳಗೆ ನುಸುಳಿ, ಸಾವಿರಾರು ಮೈಲಿ ಎತ್ತರಕ್ಕೆ ಏರಿ, ಭೂಮಿಯ ಇನ್ನೊಂದು ಗೋಲಾರ್ಧದಲ್ಲಿ ಇಳಿಯುತ್ತದೆ. ಅದು ಹೇಗೆ ಸಾಧ್ಯ, ಅದನ್ನು ಮನುಷ್ಯನು ಕಂಡುಕೊಂಡ ಬಗೆ ಯಾವುದು, ಅದರಿಂದ ಏನಾಗುತ್ತಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲಿಗೆ ಈ ಅಲೆಗಳ ಪರಿಚಯ. ಒಂದು ಸೆಕೆಂಡಿಗೆ ಅಲೆ ಎಷ್ಟು ಸಲ ಕಂಪಿಸುತ್ತದೆಯೋ ಅದೇ ಅದರ ಆವರ್ತಾಂಕ. ಸೆಕೆಂಡಿಗೆ ಒಂದು ಕಂಪನವಾದರೆ ಒಂದು ಹರ್ಟ್ಸ್, ಸಾವಿರವಾದರೆ ಒಂದು ಕಿಲೋಹರ್ಟ್ಸ್. ನಮ್ಮ ಆಕಾಶವಾಣಿಯ ಮಧ್ಯಮ ತರಂಗದ ನಿಲಯಗಳು ಸುಮಾರು 530ರಿಂದ 1,600 ಕಿಲೋಹರ್ಟ್ಸ್‌ಗಳ ನಡುವೆ ಪ್ರಸಾರ ಮಾಡುವಂಥವು. ಇಲ್ಲಿ ನಾವು ಹೇಳುವ ಅಲೆಗಳು 3ರಿಂದ 30 ಕಿಲೋಹರ್ಟ್ಸ್‌ಗಳವು. ಬೆಳಕಿನ ವೇಗವಾದ ಸೆಕೆಂಡಿಗೆ 3,00,000 ಕಿಲೋಮೀಟರನ್ನು ಆವರ್ತಾಂಕದಿಂದ ಭಾಗಿಸಿದರೆ ಅಲೆಯ ಉದ್ದ ದೊರಕುತ್ತದೆ. 20 ಕಿಲೋಹರ್ಟ್ಸ್‌ನ ಅಲೆಯ ಉದ್ದ 15 ಕಿಲೋಮೀಟರು! ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಹೋಗಬೇಕಾದರೆ ನಾವು ಒಂದು ಊರಿನಿಂದ ಇನ್ನೊಂದು ಊರಿಗೆ ನಡೆಯಬೇಕಾದೀತು.

ಇಷ್ಟು ದೊಡ್ಡ ಅಲೆಗಳನ್ನು ಎಬ್ಬಿಸಲು ಸಣ್ಣ ಕಂಬಗಳು ಸಾಲವು. ಆಸ್ಟ್ರೇಲಿಯದ ವಾಯವ್ಯ ಭೂಶಿರದಲ್ಲಿ 1967ರಿಂದ ನಡೆದುಬಂದಿರುವ ಒಂದು ಕೇಂದ್ರಕ್ಕೆ 13 ಗೋಪುರಗಳಿವೆ. ನಡುವಣದು 387 ಮೀಟರು ಎತ್ತರ. ಅದರ ಶಕ್ತಿ ಸುಮಾರು 1,000 ಕಿಲೋವ್ಯಾಟ್, ಆವರ್ತಾಂಕ 19.8 ಕಿಲೋಹರ್ಟ್ಸ್. ಇಷ್ಟೆಲ್ಲ ಖರ್ಚುಮಾಡಿ ಈ ಅಲೆಗಳನ್ನು ಕಳುಹಿಸುವುದು ಸಂಗೀತ ಕೇಳಿಸುವುದಕ್ಕಲ್ಲ. ಸಮುದ್ರದ ಉಪ್ಪುನೀರು ಸಾಮಾನ್ಯ ಬಾನುಲಿ ಅಲೆಗಳನ್ನು ಮೇಲ್ಮೈಯಲ್ಲೇ ನುಂಗಿಬಿಡುತ್ತದೆ. ಅತಿ ಕಡಮೆ ಆವರ್ತಾಂಕದ ಅಲೆ ಮಾತ್ರ ಹತ್ತಿಪ್ಪತ್ತು ಮೀಟರು ಆಳಕ್ಕೆ ಇಳಿಯಬಲ್ಲದು. ನೀರಿನೊಳಗೆ ಅಡಗಿರುವ ಜಲಾಂತರ್ಗಾಮಿ ನೌಕೆಗೆ ಅಪ್ಪಣೆಯನ್ನು ತಲುಪಿಸಲು ನೌಕಾದಳಗಳಿಗೆ ಇರುವ ಮುಖ್ಯ ಸಾಧನ ಇದೇ.

ಭೂಮಿಯ ಮೇಲೆ ಈ ಅಲೆಗಳು ಸಂಚರಿಸುವ ರೀತಿ ಸರಳ. ಕೆಳಗೆ ನೆಲ, ಮೇಲೆ ಹಗಲಿನಲ್ಲಿ ಸುಮಾರು 70 ಕಿಲೋಮೀಟರು, ರಾತ್ರಿಯಲ್ಲಿ 85-90 ಕಿಲೋಮೀಟರು ಎತ್ತರದಲ್ಲಿ ಅಯಾನುಮಂಡಲದ ಅಡಿ. ಇವೆರಡರ ನಡುವೆ ಒಂದು ಮೊಗಸಾಲೆ ಏರ್ಪಟ್ಟಂತಾಗಿದೆ. ಅಲೆ ಕೆಳಗಿನ ಗೋಡೆಗೂ ಮೇಲಿನ ಗೋಡೆಗೂ ತಾಗುತ್ತ, ಹೆಚ್ಚು ಸೊರಗದೆ, ಹತ್ತು ಸಾವಿರ ಕಿಲೋಮೀಟರು ಬೇಕಾದರೂ ಹೋಗುತ್ತದೆ. ಆದರೆ ಆ ಮೇಲ್ಗೋಡೆ ಹೆಂಚು ಹೊದಿಸಿದ ಮಾಡಿನಂತೆ, ಅಲ್ಲಲ್ಲಿ ಸೋರುತ್ತದೆ. ಸೋರಿದ ಅಲೆ ಎಲ್ಲಿ ಹೋಯಿತೆಂದು ಬಹಳ ಕಾಲ ಯಾರೂ ಕೇಳಲಿಲ್ಲ.

ಕೇಳುವಂತೆ ಮಾಡಿದ್ದು ಒಂದು ಸಿಳ್ಳೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈನ್ರಿಖ್ ಬಾರ್ಕ್‌ಹೌಸನ್ ಎಂಬವರು ಶತ್ರುಪಕ್ಷದ ರಣರಂಗದ ಟೆಲಿಫೋನ್ ಮಾತುಗಳನ್ನು ಕದ್ದು ಕೇಳುವ ಉಪಕರಣಗಳ ಕೆಲಸದಲ್ಲಿದ್ದರು. ನೆಲದಲ್ಲಿ ದೂರದೂರಕ್ಕೆ ಲೋಹದ ಕಡ್ಡಿಗಳನ್ನು ನೆಟ್ಟು, ಅವುಗಳ ನಡುವಣ ಕ್ಷೀಣವಾದ ವಿದ್ಯುತ್ತನ್ನು ವರ್ಧಕಕ್ಕೆ ಕೊಟ್ಟು ಆಲಿಸಿದರೆ ಮಾತಿನ ಜತೆಗೆ ಇನ್ನೊಂದು ಧ್ವನಿಯೂ ಕೇಳುತ್ತಿತ್ತು. ಎತ್ತರದ ಸ್ವರದಲ್ಲಿ ಆರಂಭವಾಗಿ, ಒಂದೆರಡು ಸೆಕೆಂಡುಗಳಲ್ಲಿ ಜಾರುತ್ತ ಜಾರುತ್ತ ಮಂದ್ರಕ್ಕಿಳಿದು ಮುಗಿಯುವ ಸಿಳ್ಳೆ ಅದು. ಮೇಲಿನಿಂದ ಗುಂಡು ಹಾರಿಬರುವ ಶಬ್ದವನ್ನೇ ಅದು ಹೋಲುತ್ತಿದ್ದುದರಿಂದ ಸಿಪಾಯಿಗಳು ಹಾಗೆಯೇ ಅದನ್ನು ವರ್ಣಿಸುತ್ತಿದ್ದರಂತೆ. 1919ರಲ್ಲಿ ಬಾರ್ಕ್‌ಹೌಸನ್ ಇದನ್ನು ಪ್ರಕಟಿಸಿದರು. ಟೆಲಿಫೋನ್ ತಂತಿಗಳಲ್ಲಿ ಇಂಥ ವಿಚಿತ್ರ ಧ್ವನಿಗಳು 19ನೆಯ ಶತಮಾನದ ಕೊನೆಯಲ್ಲೇ ಕೇಳಿಬಂದಿದ್ದುವು, ಕೇಳಿದವರು ಸುಮ್ಮನಾಗಿದ್ದರು.

ಇಲ್ಲಿ ಓದುಗರು ಒಂದು ವಿಷಯವನ್ನು ಗಮನಿಸಬೇಕು. ಆ ಸಿಳ್ಳೆ ಗಾಳಿಯಲ್ಲಿ ಬಂದ ಶಬ್ದವಲ್ಲ. ಅದು ವಿದ್ಯುತ್ಕಾಂತೀಯ ಅಲೆ. ಆದರೆ ಅದರ ಆವರ್ತಾಂಕ ನಮ್ಮ ಕಿವಿ ಗ್ರಹಿಸಬಲ್ಲ ಶಬ್ದಗಳ ಆವರ್ತಾಂಕಕ್ಕೆ ಸಮನಾಗಿರುವುದರಿಂದ, ಒಂದು ವರ್ಧಕಕ್ಕೂ ಕಿವಿಗೂಡಿಗೂ ಜೋಡಿಸಿದರೆ ಬೇರಾವ ಮಾರ್ಪಾಟೂ ಇಲ್ಲದೆ ನೇರವಾಗಿ ಶಬ್ದವಾಗಿ ಕೇಳುತ್ತದೆ.

ಸಿಳ್ಳೆಯ ಮೂಲ ಮಿಂಚೆಂಬುದನ್ನು ಇಂಗ್ಲೆಂಡಿನ ಎಕರ್ಸ್ಲಿ ಮೊದಲಾದವರು ಊಹಿಸಿದರು. ಮಿಂಚೆಂದರೆ ಒಂದು ಭಾರಿ ವಿದ್ಯುತ್ ಕಿಡಿ. ಅದರಲ್ಲಿ ಎಲ್ಲ ಆವರ್ತಾಂಕದ ಅಲೆಗಳೂ ಏಕಕಾಲದಲ್ಲಿ ಹುಟ್ಟುತ್ತವೆ. ರೇಡಿಯೋ ಹಾಕಿಕೊಂಡು ಕುಳಿತಾಗ ಮಿಂಚಿದರೆ ‘ಚಟ್’ ಎಂದು ಕೇಳುವುದು ಅದರಿಂದಲೇ. ಒಂದೇ ಕ್ಷಣದಲ್ಲಿ ಹೊರಟ ಅಲೆಗಳು ಒಂದೇ ಕ್ಷಣದಲ್ಲಿ ಬಂದು ತಲುಪಿದರೆ ‘ಚಟ್’ ಎಂದೇ ಕೇಳಬೇಕು. ಸಿಳ್ಳೆಯಾಗಿ ಕೇಳಬೇಕಾದರೆ ಎತ್ತರದ ಸ್ವರ ಮೊದಲು, ತಗ್ಗಿನ ಸ್ವರ ತಡವಾಗಿ ಬರಬೇಕು. ಜಾತ್ರೆಗೆ ಒಂದೇ ಹೊತ್ತಿನಲ್ಲಿ ಮನೆಬಿಟ್ಟವರಲ್ಲಿ ಹುಡುಗರು ಮೊದಲು, ಮುದುಕರು ಕೊನೆಗೆ ಹೋಗಿ ಸೇರುವುದಿಲ್ಲವೆ? ಹಾಗೆ. ದಾರಿ ಉದ್ದವಾದಷ್ಟೂ ಅಂತರ ಹೆಚ್ಚು. ಎಕರ್ಸ್ಲಿಯವರು ಇದಕ್ಕೊಂದು ನಿಯಮವನ್ನೂ ಕಂಡುಹಿಡಿದರು: ತಡವಾಗುವ ಕಾಲ ಆವರ್ತಾಂಕದ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ.

ವಿದ್ಯಾರ್ಥಿಗಳು ಇದನ್ನು ಲೆಕ್ಕಮಾಡಿಯೇ ನೋಡಬಹುದು. ಒಂದು ಸಿಳ್ಳೆಯ ಸ್ಥಿರಾಂಕ 60 ಎಂದಿಟ್ಟುಕೊಳ್ಳಿರಿ. ಆವರ್ತಾಂಕದ ವರ್ಗಮೂಲದಿಂದ 60ನ್ನು ಭಾಗಿಸಿದರೆ ಎಷ್ಟು ಸೆಕೆಂಡು ತಡವಾಯಿತೆಂಬುದು ತಿಳಿಯುತ್ತದೆ. 3,600 ಹರ್ಟ್ಸ್‌ನ ವರ್ಗಮೂಲ 60; ಆ ಸ್ವರ ಮಿಂಚಿನ ನಂತರ 1 ಸೆಕೆಂಡಿಗೆ ಬರುತ್ತದೆ. 1,600ರ ವರ್ಗಮೂಲ 40. ಅದು ಒಂದೂವರೆ ಸೆಕೆಂಡಿಗೆ. 900ರ ವರ್ಗಮೂಲ 30. ಅದು 2 ಸೆಕೆಂಡಿಗೆ. ಮಿಂಚು ಯಾವ ಕ್ಷಣದಲ್ಲಿ ಆಯಿತೆಂದು ತಿಳಿಯದಿದ್ದರೂ ಚಿಂತೆಯಿಲ್ಲ. ಎರಡು ಸ್ವರಗಳ ನಡುವಣ ಅಂತರವನ್ನು ಅಳೆದರೆ ಸ್ಥಿರಾಂಕವೂ ಹೊರಟ ಕ್ಷಣವೂ ದೊರಕುತ್ತವೆ. ಈ ಲೆಕ್ಕಕ್ಕೆ ಎಂಟನೆಯ ತರಗತಿಯ ಗಣಿತ ಸಾಕು. ಆದರೆ ಅದರ ಉತ್ತರ ಮಾತ್ರ ಬೆರಗುಗೊಳಿಸುವಂಥದು. ಬೆಳಕಿನ ವೇಗದಲ್ಲಿ ಓಡಬೇಕಾದ ಅಲೆ ಭೂಮಿಯನ್ನು ಒಂದು ಸೆಕೆಂಡಿನಲ್ಲಿ ಏಳು ಸಲ ಸುತ್ತಬಲ್ಲದು. ಅದಕ್ಕೆ ಒಂದು ಸೆಕೆಂಡು, ಎರಡು ಸೆಕೆಂಡು ಬೇಕಾಯಿತೆಂದರೆ ಅದು ಹೋದ ದಾರಿ ಯಾವುದು?

ಉತ್ತರವನ್ನು ಕೊಟ್ಟವರು ಕೇಂಬ್ರಿಡ್ಜಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಓವನ್ ಸ್ಟೋರಿ. 1953ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಶಾಸ್ತ್ರದ ತಳಹದಿ. ಅವರು ಹೇಳಿದುದು ಇದು: ಅಲೆ ಅಯಾನುಮಂಡಲವನ್ನು ದಾಟಿ, ಭೂಮಿಯ ಕಾಂತಕ್ಷೇತ್ರದ ಬಲರೇಖೆಯನ್ನು ಹಿಡಿದು ಮೇಲೇರಿ, ಭೂಮಧ್ಯದ ಮೇಲೆ ಬಹಳ ಎತ್ತರದಲ್ಲಿ ಬಾಗಿ, ಅದೇ ರೇಖೆಯ ಇನ್ನೊಂದು ತುದಿಯಲ್ಲಿ, ಅಂದರೆ ಇನ್ನೊಂದು ಗೋಲಾರ್ಧದಲ್ಲಿ ಇಳಿಯುತ್ತದೆ. ಶಾಲೆಯಲ್ಲಿ ಕಾಂತದ ಮೇಲೆ ಕಾಗದವಿಟ್ಟು ಕಬ್ಬಿಣದ ಪುಡಿ ಚೆಲ್ಲಿದಾಗ ಒಂದು ಧ್ರುವದಿಂದ ಇನ್ನೊಂದು ಧ್ರುವಕ್ಕೆ ಕಮಾನುಗಳು ಮೂಡುವುದನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ಭೂಮಿಯೂ ಅಂಥದೇ ಕಾಂತ. ಆ ಕಮಾನುಗಳೇ ಅಲೆಯ ಹಳಿಗಳು.

ಅಯಾನುಮಂಡಲದಲ್ಲಿ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ತಿರುಗುತ್ತಿರುತ್ತವೆ. ಕಡಮೆ ಆವರ್ತಾಂಕದ ಅಲೆ ನಿಧಾನವಾಗಿ ತೂಗುವುದರಿಂದ ಹಗುರವಾದ ಎಲೆಕ್ಟ್ರಾನುಗಳು ಅದರ ತೂಗಿಗೆ ಸುಲಭವಾಗಿ ಸರಿದು ಅದನ್ನು ಅಳಿಸಿಬಿಡುತ್ತವೆ. ಅಲೆ ಮುಂದೆ ಹೋಗಲಾರದೆ ಪ್ರತಿಫಲಿಸುತ್ತದೆ. ಕಾಂತಕ್ಷೇತ್ರವೇ ಇಲ್ಲದಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಾಂತಕ್ಷೇತ್ರವಿರುವಲ್ಲಿ ಎಲೆಕ್ಟ್ರಾನು ಬಲರೇಖೆಗೆ ಅಡ್ಡವಾಗಿ ಮನಬಂದತ್ತ ಸರಿಯಲಾರದು. ಗೂಟಕ್ಕೆ ಕಟ್ಟಿದ ಕರುವಿನಂತೆ ರೇಖೆಯ ಸುತ್ತಲೂ ಸುತ್ತಬೇಕು. ಅಯಾನುಮಂಡಲದ ಎತ್ತರದಲ್ಲಿ ಅದು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸುತ್ತು ಹಾಕುತ್ತದೆ. ಎಲೆಕ್ಟ್ರಾನಿನ ಸುತ್ತಿನ ದಿಕ್ಕಿನಲ್ಲೇ ತಿರುಗುತ್ತಿರುವ ಅಲೆಯೊಂದು, ಅದಕ್ಕಿಂತ ಬಹಳ ನಿಧಾನವಾಗಿ ಕಂಪಿಸುತ್ತ, ಬಲರೇಖೆಯ ಉದ್ದಕ್ಕೂ ಬಂದಾಗ, ಕಟ್ಟಿಗೆ ಸಿಕ್ಕಿದ ಎಲೆಕ್ಟ್ರಾನು ಅದನ್ನು ಅಳಿಸಲಾರದೆ ಹೋಗುತ್ತದೆ. ಅಲೆ ದಾಟುತ್ತದೆ. ವಿರುದ್ಧ ದಿಕ್ಕಿನಲ್ಲಿ ತಿರುಗುವ ಅಲೆಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ಹಿಂದಿರುಗುತ್ತದೆ. ಹೀಗೆ ಸೋರುವುದು ಅಲೆಯ ಒಂದು ಪಾಲು ಮಾತ್ರ. ಸೋರಿದ ಪಾಲು ಕೂಡ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ. ಎತ್ತರದ ಅಕ್ಷಾಂಶವೊಂದರಿಂದ ಹೊರಟ ಬಲರೇಖೆಯ ಉದ್ದ ಸುಮಾರು 57,000 ಕಿಲೋಮೀಟರೆಂದು ಇಟ್ಟುಕೊಂಡರೆ, ಒಂದು ಸೆಕೆಂಡಿನಲ್ಲಿ ಅದನ್ನು ಮುಗಿಸಿದ ಅಲೆಯ ವೇಗ ಬೆಳಕಿನ ವೇಗದ ಐದನೆಯ ಒಂದು ಭಾಗಕ್ಕೂ ಕಡಮೆ.

ಹಗಲಿನಲ್ಲಿ ಈ ಸೋರಿಕೆ ಬಹಳ ಕಡಮೆ. ಅಯಾನುಮಂಡಲದ ಕೆಳಪದರದಲ್ಲಿ ಗಾಳಿಯ ಅಣುಗಳು ದಟ್ಟವಾಗಿವೆ. ಅಲೆ ಅಲುಗಾಡಿಸಿದ ಎಲೆಕ್ಟ್ರಾನುಗಳು ಅವುಗಳಿಗೆ ಢಿಕ್ಕಿ ಹೊಡೆದು ಅಲೆಯ ಶಕ್ತಿಯನ್ನು ಶಾಖವಾಗಿ ಪೋಲುಮಾಡುತ್ತವೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆದುದರಿಂದ ಈ ವ್ಯೋಮಯಾತ್ರೆ ಬಹುಮಟ್ಟಿಗೆ ರಾತ್ರಿಯ ಯಾತ್ರೆ.

ಸ್ಟೋರಿಯವರ ಮಾತನ್ನು ಒಪ್ಪಬೇಕಾದರೆ ಇನ್ನೊಂದು ಸಂಗತಿಯನ್ನೂ ಒಪ್ಪಬೇಕಾಗಿತ್ತು. ಭೂಮಿಯಿಂದ ಹತ್ತು ಸಾವಿರ ಕಿಲೋಮೀಟರಿಗೂ ಮೇಲೆ, ಬರಿಯ ಶೂನ್ಯವೆಂದು ಎಲ್ಲರೂ ಭಾವಿಸಿದ್ದ ಜಾಗದಲ್ಲಿ, ಒಂದೊಂದು ಘನ ಸೆಂಟಿಮೀಟರಿಗೆ ನೂರಾರು ಎಲೆಕ್ಟ್ರಾನುಗಳಿರಬೇಕು. ಇಲ್ಲದಿದ್ದರೆ ಅಲೆ ಅಷ್ಟು ತಡವಾಗಲಾರದು. ಮೊತ್ತಮೊದಲ ಕೃತಕ ಉಪಗ್ರಹ 1957ರ ಅಕ್ಟೋಬರಿನಲ್ಲಿ ಹಾರುವುದಕ್ಕೆ ನಾಲ್ಕು ವರ್ಷ ಮುಂಚೆಯೇ, ನೆಲದ ಮೇಲೆ ಕುಳಿತು ಸಿಳ್ಳೆಯನ್ನು ಕೇಳಿ, ವರ್ಗಮೂಲದ ಲೆಕ್ಕ ಹಾಕಿ, ವ್ಯೋಮದಲ್ಲಿ ಏನಿದೆಯೆಂದು ಹೇಳಿದ ಈ ಯುವಕನ ಕೆಲಸ ನಮಗೆ ಯಾವ ರಾಕೆಟ್ಟಿನ ಸಾಹಸಕ್ಕೂ ಕಡಮೆಯೆಂದು ತೋರುವುದಿಲ್ಲ.

ಮಾತನ್ನು ಪರೀಕ್ಷಿಸುವ ದಾರಿ ಸ್ಪಷ್ಟವಾಗಿತ್ತು. ಒಂದೇ ಬಲರೇಖೆಯ ಎರಡು ತುದಿಗಳಲ್ಲಿ ಇಬ್ಬರು ಕುಳಿತು ಆಲಿಸಬೇಕು. 1955ರಲ್ಲಿ ಅಮೆರಿಕದ ಮಾರ್ಗನ್ ಮತ್ತು ನ್ಯೂಜಿಲೆಂಡಿನ ಆಲ್ಕಾಕ್ ಹಾಗೆಯೇ ಮಾಡಿದರು. ಉತ್ತರದಲ್ಲಿ ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳ ಉನಲಾಸ್ಕ, ದಕ್ಷಿಣದಲ್ಲಿ ನ್ಯೂಜಿಲೆಂಡ್. ಒಂದೇ ಮಿಂಚಿನ ಸಿಳ್ಳೆ ಒಂದು ಕಡೆ ಕೇಳಿ, ಪ್ರತಿಧ್ವನಿಯಾಗಿ ಇನ್ನೊಂದು ಕಡೆಗೂ ಬರುತ್ತಿದ್ದುದು ದಾಖಲೆಯಾಯಿತು. ಸಂದೇಹ ನಿವಾರಣೆಯಾಯಿತು.

ಮಿಂಚಿನ ಅಲೆ ಹೋಗಬಲ್ಲದಾದರೆ ಮನುಷ್ಯನು ಕಳುಹಿಸಿದ ಅಲೆ ಹೋಗಬಾರದೇಕೆ? ಅಮೆರಿಕದ ಅನ್ನಾಪೊಲಿಸ್‌ನಲ್ಲಿ ನೌಕಾದಳದ ಕೇಂದ್ರವೊಂದು 15.5 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸುತ್ತಿತ್ತು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಹೆಲಿವೆಲ್ ಮತ್ತು ಅವರ ಸಹೋದ್ಯೋಗಿ ಗೆರೆಲ್ಸ್ ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ, ಹಾರ್ನ್ ಭೂಶಿರದ ಕಡೆಯಲ್ಲಿ, ಅದನ್ನು ಹಿಡಿದರು. 1958ರಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ರತಿಯೊಂದು ಸಂಕೇತವೂ ಎರಡು ಸಲ ಕೇಳುತ್ತಿತ್ತು. ಮೊಗಸಾಲೆಯ ದಾರಿಯಲ್ಲಿ ಬಂದದ್ದು ಸೆಕೆಂಡಿನ ಮೂವತ್ತನೆಯ ಒಂದು ಭಾಗದಷ್ಟು ಹೊತ್ತಿನಲ್ಲೇ ಹಾಜರು. ಅದು ಮುಗಿದು ಸೆಕೆಂಡಿನ ಹತ್ತರಲ್ಲಿ ಹಲವು ಭಾಗ ಕಳೆದಮೇಲೆ ಅದೇ ಸಂಕೇತ ಕ್ಷೀಣವಾಗಿ ಮತ್ತೆ. ಎರಡನೆಯದು ವ್ಯೋಮವನ್ನು ಸುತ್ತಿ ಬಂದದ್ದು. ಅಂದರೆ ಮನುಷ್ಯನು ಜಲಾಂತರ್ಗಾಮಿಗಳಿಗೆಂದು ಕೂಗಿದ ಕೂಗು, ಅವನಿಗೆ ಗೊತ್ತಿಲ್ಲದೆಯೇ, ವರ್ಷಗಳಿಂದ ಭೂಮಿಯ ಹೊರಗಡೆ ಹೋಗಿ ಬರುತ್ತಿತ್ತು.

ಹೆಲಿವೆಲ್‌ರ ತಂಡ ಇನ್ನೊಂದನ್ನೂ ಕಂಡುಕೊಂಡಿತು. ವರ್ಗಮೂಲದ ನಿಯಮ ಕಡಮೆ ಸ್ವರಗಳಿಗೆ ಮಾತ್ರ ಸರಿಹೊಂದುತ್ತದೆ. ಎತ್ತರದ ಅಕ್ಷಾಂಶದ ಸಿಳ್ಳೆಗಳಲ್ಲಿ ನಡುವಣ ಒಂದು ಸ್ವರ ಎಲ್ಲಕ್ಕಿಂತ ಮೊದಲು ಬರುತ್ತದೆ. ಅದಕ್ಕಿಂತ ಮೇಲಿನದೂ ಕೆಳಗಿನದೂ ತಡ. ಚಿತ್ರ ಬರೆದು ನೋಡಿದರೆ ಮೂಗಿನಂತೆ ಕಾಣುವುದರಿಂದ ಅದನ್ನು ಮೂಗಿನ ಸಿಳ್ಳೆಯೆಂದೇ ಕರೆಯುತ್ತಾರೆ. ಆ ಮೂಗಿನ ತುದಿಯ ಆವರ್ತಾಂಕವನ್ನು ಅಳೆದರೆ ಅಲೆ ಎಷ್ಟು ಎತ್ತರದ ಕಮಾನಿನಲ್ಲಿ ಹೋಯಿತೆಂಬುದು ತಿಳಿಯುತ್ತದೆ. ಈ ಉಪಾಯದಿಂದಲೇ ಸ್ಟಾನ್‌ಫರ್ಡಿನ ಡಾನ್ ಕಾರ್ಪೆಂಟರ್ 1963ರಲ್ಲಿ ಒಂದು ಗಡಿಯನ್ನು ಗುರುತಿಸಿದರು. ಭೂಮಿಯ ಕೇಂದ್ರದಿಂದ ಸುಮಾರು ನಾಲ್ಕು ಭೂತ್ರಿಜ್ಯಗಳ ಆಸುಪಾಸಿನಲ್ಲಿ ಎಲೆಕ್ಟ್ರಾನುಗಳ ಸಾಂದ್ರತೆ ಒಮ್ಮೆಗೇ ಕುಸಿದುಬೀಳುತ್ತದೆ. ರಷ್ಯದ ಗ್ರಿಂಗೌಜ್ 1959ರ ಚಂದ್ರನೌಕೆಗಳ ಅಳತೆಯಿಂದ ಇದೇ ಮಾತನ್ನು ಹೇಳಿದ್ದರು. ಗಡಿನಾಡಿನವರಾದ ನಮಗೆ ಗಡಿಯೆಂದರೆ ಸ್ಥಿರವಾದ ಕಲ್ಲು. ಈ ಗಡಿಯಾದರೋ ಸೂರ್ಯನ ಬಿರುಗಾಳಿ ಬೀಸಿದಾಗ ಒಳಕ್ಕೆ ಸರಿದು, ಶಾಂತವಾದಾಗ ಹೊರಕ್ಕೆ ಸರಿಯುತ್ತಿರುತ್ತದೆ.

ಆ ಮೇಲೆ ಬಂತು ಸೈಪಲ್ ಕೇಂದ್ರ. ನೌಕಾದಳದ ಸಂಕೇತಗಳನ್ನು ಕದ್ದು ಕೇಳುವುದರ ಬದಲು ತಮಗೆ ಬೇಕಾದ ಸಂಕೇತವನ್ನು ತಾವೇ ವ್ಯೋಮಕ್ಕೆ ಕಳುಹಿಸಬೇಕೆಂದು ಹೆಲಿವೆಲ್ ನಿಶ್ಚಯಿಸಿದರು. 5 ಕಿಲೋಹರ್ಟ್ಸ್‌ನ ಅಲೆಯ ಉದ್ದ 60 ಕಿಲೋಮೀಟರು. ಅದಕ್ಕೆ ತಕ್ಕ ಗೋಪುರವನ್ನು ಯಾರೂ ಕಟ್ಟಲಾರರು. ತಂತಿಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದರೆ ನೆಲವೇ ಅಲೆಯನ್ನು ನುಂಗುತ್ತದೆ. ಆದರೆ ಹಿಮ ವಿದ್ಯುತ್ತನ್ನು ಸಾಗಿಸದು. ದಕ್ಷಿಣ ಧ್ರುವಖಂಡದಲ್ಲಿ ಸುಮಾರು 2 ಕಿಲೋಮೀಟರು ದಪ್ಪದ ಹಿಮದ ಮೇಲೆ ತಂತಿಯನ್ನು ಹಾಸಿದರೆ ಅದು 2 ಕಿಲೋಮೀಟರು ಎತ್ತರದ ಕಂಬದ ಮೇಲೆ ಕಟ್ಟಿದ ಹಾಗೆಯೇ! ಈ ಯುಕ್ತಿಯಿಂದ ಮೊದಲು 21 ಕಿಲೋಮೀಟರು, ಮುಂದೆ 42 ಕಿಲೋಮೀಟರು ಉದ್ದದ ತಂತಿಯನ್ನು ಹಾಸಿದರು. 1973ರಿಂದ 1988ರ ವರೆಗೆ ಅಲ್ಲಿಂದ ಸಂಕೇತಗಳು ಹೊರಟುವು. ಬಲರೇಖೆಯ ಇನ್ನೊಂದು ತುದಿ ಕೆನಡದ ಕ್ವಿಬೆಕ್ ಪ್ರಾಂತದ ರೊಬರ್ವಾಲ್ ಪಟ್ಟಣದ ಬಳಿ. ಅಲ್ಲಿ ಕುಳಿತವರು ಕೇಳಿದ್ದೇನು? ಕಳುಹಿಸಿದ ಸಂಕೇತ ಕೆಲವು ವೇಳೆ ಶಕ್ತಿಯಲ್ಲಿ ಸಾವಿರ ಪಟ್ಟು ಬೆಳೆದು ಬಂದಿರುತ್ತಿತ್ತು. ಅಷ್ಟೇ ಅಲ್ಲದೆ, ಕಳುಹಿಸದೆ ಇದ್ದ ಹೊಸ ಸ್ವರಗಳು ಅದರ ಬಾಲಕ್ಕೆ ಅಂಟಿಕೊಂಡು ಏರುತ್ತಲೋ ಇಳಿಯುತ್ತಲೋ ಬರುತ್ತಿದ್ದುವು. ದಾರಿಯಲ್ಲಿ ಯಾರೋ ಅಲೆಗೆ ಶಕ್ತಿಯನ್ನು ಕೊಟ್ಟಿದ್ದರು.

ಕೊಟ್ಟವರು ವಿಕಿರಣಪಟ್ಟಿಯ ಎಲೆಕ್ಟ್ರಾನುಗಳು. ಭೂಮಿಯ ಸುತ್ತಲೂ ವೇಗಶಾಲಿಗಳಾದ ಕಣಗಳ ಪಟ್ಟಿಗಳಿರುವುದನ್ನು 1958ರಲ್ಲಿ ಅಮೆರಿಕದ ಮೊದಲ ಉಪಗ್ರಹಗಳ ಮೂಲಕ ಜೇಮ್ಸ್ ವಾನ್ ಆಲನ್ ಕಂಡುಹಿಡಿದರು. ಅಲ್ಲಿನ ಎಲೆಕ್ಟ್ರಾನು ಬಲರೇಖೆಯ ಸುತ್ತ ಸುತ್ತುತ್ತ ಒಂದು ಗೋಲಾರ್ಧದಿಂದ ಇನ್ನೊಂದಕ್ಕೆ ಹೋಗುತ್ತದೆ. ಕಾಂತಕ್ಷೇತ್ರ ಬಲವಾಗಿರುವ ತುದಿಯಲ್ಲಿ ಗೋಡೆಗೆ ಹೊಡೆದ ಚೆಂಡಿನಂತೆ ಹಿಂದಿರುಗುತ್ತದೆ. ಹೀಗೆ ವರ್ಷಗಟ್ಟಲೆ ಓಲಾಡುತ್ತಿರಬಹುದು. ಇದಕ್ಕೆ ಎದುರಾಗಿ ಬಂದ ಅಲೆಯ ಕಂಪನ, ಎದುರುಬದುರಿನ ವೇಗದಿಂದಾಗಿ, ಎಲೆಕ್ಟ್ರಾನಿಗೆ ಹೆಚ್ಚು ಚುರುಕಾಗಿ ಕಾಣುತ್ತದೆ. ಆ ಚುರುಕು ಎಲೆಕ್ಟ್ರಾನಿನ ಸುತ್ತಿನ ವೇಗಕ್ಕೆ ಸರಿಯಾಗಿ ಹೊಂದಿದರೆ, ಉಯ್ಯಾಲೆಯನ್ನು ಹದವರಿತು ನೂಕಿದಂತೆ, ಒಂದೊಂದು ಸುತ್ತಿಗೂ ಒಂದೊಂದು ನೂಕು ಬೀಳುತ್ತದೆ. ಅಲೆ ಎಲೆಕ್ಟ್ರಾನಿನಿಂದ ಶಕ್ತಿಯನ್ನು ಪಡೆಯಬಹುದು. ಎಲೆಕ್ಟ್ರಾನಿನ ಓಟದ ಓರೆಯನ್ನು ಬದಲಿಸಲೂಬಹುದು. ಓರೆ ಬದಲಾದ ಎಲೆಕ್ಟ್ರಾನು ತುದಿಯಲ್ಲಿ ಹಿಂದಿರುಗಬೇಕಾದ ಜಾಗವನ್ನು ಮೀರಿ ಕೆಳಗಿಳಿದು, ವಾಯುಮಂಡಲಕ್ಕೆ ಬಡಿದು ಕಳೆದುಹೋಗುತ್ತದೆ. ಅಂದರೆ ನೆಲದಿಂದ ಹೋದ ಅಲೆ ವ್ಯೋಮದ ವಿಕಿರಣವನ್ನು ಮಳೆಯಂತೆ ಕೆಳಕ್ಕೆ ಸುರಿಸಬಲ್ಲದು!

ಇದು ಬರಿಯ ಊಹೆಯಲ್ಲ. 2004ರಲ್ಲಿ ಹಾರಿದ ಫ್ರಾನ್ಸಿನ ಡೆಮಿಟರ್ ಉಪಗ್ರಹವು ಮೇಲೆ ಹೇಳಿದ ಆಸ್ಟ್ರೇಲಿಯದ ಕೇಂದ್ರಕ್ಕೆ ಪೂರ್ವದಲ್ಲಿ ರಾತ್ರಿ ಹಾದುಹೋದಾಗಲೆಲ್ಲ ಹೀಗೆ ಕದಲಿಸಲ್ಪಟ್ಟ ಎಲೆಕ್ಟ್ರಾನುಗಳ ಗುಂಪನ್ನು ಕಾಣುತ್ತಿತ್ತು. ಪೂರ್ವದಲ್ಲೇ ಏಕೆಂದರೆ ಆ ಪಟ್ಟಿಯ ಎಲೆಕ್ಟ್ರಾನುಗಳು ಭೂಮಿಯ ಸುತ್ತ ಪೂರ್ವದಿಕ್ಕಿಗೆ ತೇಲುತ್ತವೆ. 2007ರಲ್ಲಿ ಆ ಕೇಂದ್ರ ಕೆಲವು ತಿಂಗಳು ಮೌನವಾಗಿದ್ದಾಗ ಆ ಗುಂಪೂ ಕಾಣಿಸಲಿಲ್ಲ. ಕೇಂದ್ರ ಮತ್ತೆ ಬಾಯಿಬಿಟ್ಟಾಗ ಪುನಃ ಕಂಡಿತು. ವಿಜ್ಞಾನದಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಅಪರೂಪ.

ಈ ವಿಷಯಕ್ಕೆ ಇಷ್ಟು ಮಹತ್ವವೇಕೆಂದು ಪಾಲಕರು ಕೇಳಬಹುದು. 1962ರ ಜುಲೈ 9ರಂದು ಅಮೆರಿಕವು ಪೆಸಿಫಿಕ್ ಸಾಗರದ ಮೇಲೆ 400 ಕಿಲೋಮೀಟರು ಎತ್ತರದಲ್ಲಿ ಪರಮಾಣು ಬಾಂಬೊಂದನ್ನು ಸ್ಫೋಟಿಸಿತು. ಅದರ ಎಲೆಕ್ಟ್ರಾನುಗಳು ಬಲರೇಖೆಗಳಲ್ಲಿ ಸಿಕ್ಕಿ ಹೊಸದೊಂದು ವಿಕಿರಣಪಟ್ಟಿಯೇ ಉಂಟಾಗಿ ವರ್ಷಗಳವರೆಗೆ ಉಳಿಯಿತು. ಮರುದಿನವೇ ಹಾರಿದ ಟೆಲ್‌ಸ್ಟಾರ್ ಸಂಪರ್ಕ ಉಪಗ್ರಹ ಆ ವಿಕಿರಣದ ಪೆಟ್ಟಿನಿಂದ 1963ರ ಫೆಬ್ರವರಿಯಲ್ಲಿ ಮೂಕವಾಯಿತು. ಇನ್ನೂ ಹಲವು ಉಪಗ್ರಹಗಳು ಕೆಟ್ಟುವು. ಅಂದು ವ್ಯೋಮದಲ್ಲಿದ್ದ ಉಪಗ್ರಹಗಳನ್ನು ಬೆರಳೆಣಿಕೆಯಿಂದ ಎಣಿಸಬಹುದಾಗಿತ್ತು. ಇಂದು ಹವಾಮಾನದ ಮುನ್ಸೂಚನೆ, ಹಡಗು ವಿಮಾನಗಳ ದಾರಿ, ದೂರದರ್ಶನ, ನಮ್ಮ ಕೈಯಲ್ಲಿರುವ ಫೋನು ತೋರಿಸುವ ನಕ್ಷೆ, ಇವೆಲ್ಲವೂ ಉಪಗ್ರಹಗಳನ್ನು ನಂಬಿಕೊಂಡಿವೆ. ಬಾಂಬಿನಿಂದಾಗಲಿ ಸೂರ್ಯನಿಂದಾಗಲಿ ವ್ಯೋಮದಲ್ಲಿ ವಿಕಿರಣ ತುಂಬಿಕೊಂಡರೆ ಅದನ್ನು ಬರಿದುಮಾಡುವ ಉಪಾಯವಿದೆಯೇ ಎಂಬ ಪ್ರಶ್ನೆಗೆ ಈಗ ತಿಳಿದಿರುವ ಉತ್ತರಗಳಲ್ಲಿ ಮುಖ್ಯವಾದುದು ಈ ಸಿಳ್ಳೆಯ ಅಲೆಗಳೇ.

2012ರಿಂದ 2019ರ ವರೆಗೆ ಕೆಲಸ ಮಾಡಿದ ವಾನ್ ಆಲನ್ ಶೋಧಕಗಳೆಂಬ ಜೋಡಿ ಉಪಗ್ರಹಗಳು ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟುವು. ಭೂಕೇಂದ್ರಗಳಿಂದ ಸೋರಿದ ಅಲೆಗಳು ಭೂಮಿಯ ಸುತ್ತ ಒಂದು ಗುಳ್ಳೆಯಂತೆ ತುಂಬಿಕೊಂಡಿವೆ. ಆ ಗುಳ್ಳೆಯ ಹೊರ ಅಂಚು ಸುಮಾರು 2.8 ಭೂತ್ರಿಜ್ಯಗಳ ಬಳಿ. ಅತಿವೇಗದ ಎಲೆಕ್ಟ್ರಾನುಗಳ ಹೊರಪಟ್ಟಿಯ ಒಳ ಅಂಚೂ ಹೆಚ್ಚುಕಡಮೆ ಅಲ್ಲಿಯೇ ನಿಂತಿದೆ. 1960ರ ದಶಕದಲ್ಲಿ ಈ ಕೇಂದ್ರಗಳ ಪ್ರಸಾರ ಕಡಮೆಯಿದ್ದಾಗ ಆ ಅಂಚು ಭೂಮಿಗೆ ಇನ್ನೂ ಹತ್ತಿರವಾಗಿತ್ತೆಂದು ಹಳೆಯ ಉಪಗ್ರಹಗಳ ಅಳತೆಗಳಿಂದ ತೋರುತ್ತದೆ. ಮನುಷ್ಯನ ಅಲೆಗಳೇ ಬೇಲಿಯಾಗಿ ನಿಂತಿವೆಯೆಂದು 2017ರಲ್ಲಿ ವೃತ್ತಪತ್ರಿಕೆಗಳು ಸಂಭ್ರಮದಿಂದ ಬರೆದುವು. ನಾವು ಅಷ್ಟು ಬೇಗ ಒಪ್ಪಬೇಕಾಗಿಲ್ಲ. ಎರಡು ಗಡಿಗಳು ಒಂದೇ ಕಡೆ ಇವೆಯೆಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕೆಂದಿಲ್ಲ. ವ್ಯೋಮದಲ್ಲಿ ತಾನಾಗಿಯೇ ಹುಟ್ಟುವ ‘ಹಿಸ್’ ಎಂಬ ಅಲೆಗಳೂ ಎಲೆಕ್ಟ್ರಾನುಗಳನ್ನು ಚದರಿಸುತ್ತವೆ; ಎಲೆಕ್ಟ್ರಾನುಗಳು ಒಳಕ್ಕೆ ಹರಿದುಬರುವ ಕ್ರಿಯೆಯೇ ಅಲ್ಲಿ ಬಹಳ ಮಂದವಾಗುತ್ತದೆ. ಅದಕ್ಕಾಗಿಯೇ ಅಮೆರಿಕದವರು 2019ರ ಜೂನ್ ತಿಂಗಳಲ್ಲಿ 80 ಮೀಟರು ಉದ್ದದ ತಂತುಳ್ಳ ಡಿ.ಎಸ್.ಎಕ್ಸ್. ಎಂಬ ಉಪಗ್ರಹವನ್ನು ಹಾರಿಸಿ, 6,000ದಿಂದ 12,000 ಕಿಲೋಮೀಟರು ಎತ್ತರದಲ್ಲಿ, ವ್ಯೋಮದೊಳಗಿನಿಂದಲೇ ಈ ಅಲೆಗಳನ್ನು ಎಬ್ಬಿಸಿ ನೋಡಿದರು. 2021ರಲ್ಲಿ ಆ ಪ್ರಯೋಗ ಮುಗಿಯಿತು.

ಇನ್ನು ನಮ್ಮ ದೇಶದ ಮಾತು. ಅಲೆಗೆ ಹಳಿಯಾಗಬೇಕಾದ ಬಲರೇಖೆ ಧ್ರುವದ ಕಡೆ ನೆಟ್ಟಗೆ ನಿಂತಿರುತ್ತದೆ. ಕಾಂತೀಯ ಸಮಭಾಜಕದ ಬಳಿ ನೆಲಕ್ಕೆ ಸಮಾಂತರವಾಗಿ ಮಲಗಿರುತ್ತದೆ. ಆ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ಬಳಿಯ ತುಂಬಾದಲ್ಲಿ ರಾಕೆಟ್ ಕೇಂದ್ರವನ್ನು ತೆರೆದುದು ಅದೇ ಕಾರಣಕ್ಕೆ. ಆದುದರಿಂದ ನಮ್ಮ ಕಡೆಯಿಂದ ಹೊರಟ ಅಲೆಗೆ ಮೇಲೇರುವ ದಾರಿ ಸಿಗುವುದು ಬಹಳ ಕಷ್ಟ. ಹಾಗಿದ್ದರೂ ಉತ್ತರ ಭಾರತದ ಗುಲ್ಮಾರ್ಗ್, ನೈನಿತಾಲ್, ವಾರಾಣಸಿಗಳಲ್ಲಿ ನಮ್ಮ ವಿಜ್ಞಾನಿಗಳು ಸಿಳ್ಳೆಗಳನ್ನು ದಾಖಲುಮಾಡಿದ್ದಾರೆ. ಗುಲ್ಮಾರ್ಗಿನ ಬಲರೇಖೆ ಏರುವುದು ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ದಾರಿ ಮೋಟಾದುದರಿಂದ ಅಲ್ಲಿಯ ಸಿಳ್ಳೆಯೂ ಮೋಟು. ಸ್ಥಿರಾಂಕ 60ರ ಹತ್ತಿರಕ್ಕೂ ಬರುವುದಿಲ್ಲ.

ನಮ್ಮ ನೌಕಾದಳಕ್ಕೂ ಇಂಥ ಕೇಂದ್ರವಿದೆ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ 1990ರಲ್ಲಿ ಆರಂಭವಾದ ಇದಕ್ಕೆ ಕಟ್ಟಬೊಮ್ಮನ್ನನ ಹೆಸರಿದೆ, 18.2 ಕಿಲೋಹರ್ಟ್ಸ್‌ನ ಅದರ ಸಂಕೇತ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಅಯಾನುಮಂಡಲದ ಏರಿಳಿತವನ್ನು ಅಳೆಯುವ ಅಳತೆಗೋಲಾಗಿದೆ. ಎರಡನೆಯ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಅರಣ್ಯದಲ್ಲಿ ಶಂಕುಸ್ಥಾಪನೆಯಾಯಿತು. ನಮ್ಮ ಭಾಷೆಯನ್ನಾಡುವವರು ಹಿಂದಿನಿಂದಲೂ ನೆಲೆಸಿರುವ ಸೀಮೆಗೆ ಅದು ದೂರವಲ್ಲ. ಸುಮಾರು 2,900 ಎಕರೆ ಕಾಡನ್ನು ಅದಕ್ಕೆ ಕೊಡುವುದನ್ನು ಸುತ್ತಲಿನ ಹಳ್ಳಿಯವರೂ ಪರಿಸರಪ್ರೇಮಿಗಳೂ ವಿರೋಧಿಸಿದರು. 15 ಕಿಲೋಮೀಟರು ಉದ್ದದ ಅಲೆಗೆ ವಿಸ್ತಾರವಾದ ಜಾಗ ಬೇಕೆಂಬುದು ಭೌತಶಾಸ್ತ್ರದ ಮಾತು. ಆ ಜಾಗ ಕಾಡೇ ಆಗಬೇಕೆ ಎಂಬುದು ಭೌತಶಾಸ್ತ್ರದ ಮಾತಲ್ಲ. ಈ ಎರಡನ್ನೂ ಬೇರೆಬೇರೆಯಾಗಿಟ್ಟು ವಿಚಾರಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ನಮ್ಮ ಊರುಗಳಲ್ಲಿ ಸಿಳ್ಳೆ ಕೇಳಿಸದಿದ್ದರೆ ವಿದ್ಯಾರ್ಥಿಗಳು ನಿರಾಶರಾಗಬೇಕಾಗಿಲ್ಲ. ಜಗತ್ತಿನಲ್ಲಿ ಸೆಕೆಂಡಿಗೆ ಸುಮಾರು 40-50 ಮಿಂಚುಗಳು ಹೊಳೆಯುತ್ತಿರುತ್ತವೆ. ವಿದ್ಯುತ್ ಕಂಬಗಳಿಂದ ದೂರವಾದ ಬಯಲಿನಲ್ಲಿ, ಮಳೆಗುಡುಗು ಹತ್ತಿರದಲ್ಲಿಲ್ಲದ ರಾತ್ರಿ, ಉದ್ದನೆಯ ತಂತಿಯೊಂದನ್ನು ಒಳ್ಳೆಯ ಶ್ರವ್ಯವರ್ಧಕಕ್ಕೆ ಜೋಡಿಸಿ ವಿಜ್ಞಾನದ ಉಪಾಧ್ಯಾಯರ ಜತೆಯಲ್ಲಿ ಕೇಳಿದರೆ, ಚಟಪಟ ಶಬ್ದದ ನಡುವೆ ಹಕ್ಕಿ ಚಿಲಿಪಿಲಿಗುಟ್ಟಿದಂತಹ ಮೊಟಕು ಧ್ವನಿಗಳು ಕೇಳುತ್ತವೆ. ಅವು ಮೊಗಸಾಲೆಯಲ್ಲಿ ಮೇಲಕ್ಕೂ ಕೆಳಕ್ಕೂ ಪುಟಿಯುತ್ತ ದೂರದಿಂದ ಬಂದ ಮಿಂಚಿನ ಅಲೆಗಳು. ಆ ಧ್ವನಿ ಎಷ್ಟೇ ಜಾರಿದರೂ ಒಂದು ಸ್ವರದಲ್ಲಿ ಬಂದು ನಿಲ್ಲುತ್ತದೆ, ಏಕೆಂದರೆ ಅರ್ಧ ಅಲೆಯಾದರೂ ಮೊಗಸಾಲೆಯ ಎತ್ತರದೊಳಗೆ ಹಿಡಿಸಬೇಕು. ಬೆಳಕಿನ ವೇಗವನ್ನು ಆ ಸ್ವರದ ಆವರ್ತಾಂಕದ ಎರಡರಷ್ಟರಿಂದ ಭಾಗಿಸಿರಿ. ಸ್ವರ ನಿಂತದ್ದು 1,700 ಹರ್ಟ್ಸ್‌ನಲ್ಲಾದರೆ, 3,00,000ವನ್ನು 3,400ರಿಂದ ಭಾಗಿಸಿದಾಗ ಬರುವುದು ಸುಮಾರು 88. ಆ ರಾತ್ರಿ ನಿಮ್ಮ ತಲೆಯ ಮೇಲಿನ ಅಯಾನುಮಂಡಲ 88 ಕಿಲೋಮೀಟರು ಎತ್ತರದಲ್ಲಿತ್ತು.